ಪೇಟೆಯಿಂದ ದಂಡಿಗೆ

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ. ನನ್ನ ಸೋದರತ್ತೆಯನ್ನು ಕೊಟ್ಟದ್ದು ಹಲಸೂರಿಗೆ. ಎರಡು ಮನೆಗಳ ನಡುವೆ ಏಳೆಂಟು ಕಿಲೋಮೀಟರಿಗಿಂತ ಹೆಚ್ಚು ದೂರವಿರಲಿಲ್ಲ. ಆದರೂ ಎಂಬತ್ತರ ದಶಕದಲ್ಲಿ ನಮ್ಮ ಮನೆಯ ಹಿರಿಯರು ಅತ್ತೆಯ ಮನೆಗೆ ಹೊರಟಾಗ ಹಲಸೂರಿಗೆ ಹೋಗುತ್ತೇವೆ ಎನ್ನದೆ, ದಂಡಿಗೆ, ಎಂದರೆ ಕಂಟೋನ್ಮೆಂಟಿಗೆ, ಹೋಗಿ ಬರುತ್ತೇವೆ ಎನ್ನುತ್ತಿದ್ದರು. ಆ ಮಾತಿನ ಹಿಂದೆ ಪರವೂರಿಗೆ ಹೊರಟವರ ತಯಾರಿಯೇ ಇರುತ್ತಿತ್ತು. ಅಮ್ಮ ಬೆಳಗ್ಗೆ ಬೇಗ ಅಡುಗೆ ಮುಗಿಸಿ, ಚಿಲ್ಲರೆ ಕಾಸನ್ನು ಕರವಸ್ತ್ರದ ತುದಿಗೆ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಕೈ ಹಿಡಿದು ಮಾರ್ಕೆಟ್ಟಿನವರೆಗೆ ನಡೆಯುತ್ತಿದ್ದಳು. ಅಲ್ಲಿಂದ ಶಿವಾಜಿನಗರದ ಬಸ್ಸು, ಶಿವಾಜಿನಗರದಲ್ಲಿ ಇಳಿದು ಹಲಸೂರಿನ ಇನ್ನೊಂದು ಬಸ್ಸು. ಹಡ್ಸನ್ ಸರ್ಕಲ್ ದಾಟಿದ ಮೇಲೆ ಕಬ್ಬನ್ ಪಾರ್ಕಿನ ಮರಗಳ ನೆರಳು ಕಿಟಕಿಯೊಳಗೆ ಬಂದು ಬಸ್ಸು ತಣ್ಣಗಾಗುತ್ತಿತ್ತು. ಆ ನೆರಳು ಮುಗಿಯುವ ಹೊತ್ತಿಗೆ ಅಂಗಡಿಯ ಬೋರ್ಡುಗಳ ಅಕ್ಷರ ಬದಲಾಗಿ, ಕಂಡಕ್ಟರು ತಮಿಳಿನಲ್ಲಿ ಮಾತಾಡಲು ಶುರು ಮಾಡಿರುತ್ತಿದ್ದರು. ಊರು ಎಲ್ಲಿ ಒಡೆದಿದೆ ಎಂಬುದನ್ನು ನನಗೆ ಯಾವ ಭೂಪಟವೂ ಕಲಿಸಲಿಲ್ಲ. ಆ ಬಸ್ಸಿನ ಕಿಟಕಿ ಕಲಿಸಿತು.

ನಗರ ಯೋಜನೆಯ ಬಗ್ಗೆ, ಅದರಲ್ಲೂ ಮೆಟ್ರೊ ಬಗ್ಗೆ ಈಗ ನಡೆಯುವ ಮಾತುಗಳನ್ನು ಕೇಳುವಾಗೆಲ್ಲ ನನಗೆ ಆ ಪ್ರಯಾಣ ನೆನಪಾಗುತ್ತದೆ. ಒಡೆದ ಊರನ್ನು ಸಾರಿಗೆಯಿಂದ ಕೂಡಿಸಬಹುದೇ ಎಂಬ ಪ್ರಶ್ನೆಗೆ ಬೆಂಗಳೂರಿನ ಕಳೆದ ಇನ್ನೂರು ವರ್ಷಗಳಲ್ಲಿ ಉತ್ತರವಿದೆ ಎಂದು ನಾನು ನಂಬಿದ್ದೇನೆ. ಆ ಉತ್ತರ ಅರ್ಧ ಸಂತೋಷದ್ದು, ಅರ್ಧ ಬೇಸರದ್ದು.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರು ಪೇಟೆಗಳ ಊರು. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ನಗರ್ತಪೇಟೆ, ಚಿಕ್ಕಪೇಟೆ ಎಂದು ಒಂದೊಂದು ಕಸುಬಿಗೆ, ಒಂದೊಂದು ಸಮುದಾಯಕ್ಕೆ ಒಂದೊಂದು ಬೀದಿ. ಎಲ್ಲವೂ ಕಾಲ್ನಡಿಗೆಯ ಅಳತೆಯಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿದ್ದ ಬ್ರಿಟಿಷ್ ಸೈನ್ಯಕ್ಕೆ ಆ ಜಾಗದ ಹವೆ ಹಿಡಿಸದೆ, 1809ರ ಹೊತ್ತಿಗೆ ಅದು ಬೆಂಗಳೂರಿಗೆ ಬಂದು, ಪೇಟೆಯಿಂದ ದೂರ ಹಲಸೂರಿನ ಕಡೆ ಬೀಡುಬಿಟ್ಟಿತು. ಅದೇ ದಂಡು. ಸೈನ್ಯದ ಹಿಂದೆ ಅದಕ್ಕೆ ಬೇಕಾದ ದರ್ಜಿಗಳು, ಅಡುಗೆಯವರು, ಕೂಲಿಗಳು, ವ್ಯಾಪಾರಿಗಳು ಬಂದರು; ಅವರಲ್ಲಿ ಬಹಳ ಮಂದಿ ತಮಿಳು ಸೀಮೆಯವರು. ಹೀಗೆ ಒಂದೇ ಬಯಲಿನ ಮೇಲೆ ಎರಡು ಊರುಗಳು ಬೆಳೆದವು. ಎರಡಕ್ಕೂ ಬೇರೆ ಬೇರೆ ಮಾರುಕಟ್ಟೆ, ಬೇರೆ ಬೇರೆ ಭಾಷೆ. 1862ರಲ್ಲಿ ಪುರಸಭೆಗಳೂ ಎರಡಾದವು.

ಇಲ್ಲೊಂದು ಮಾತನ್ನು ಹೇಳಲೇಬೇಕು. ಹಲಸೂರು ಮೊದಲಿನಿಂದ ಹೊರಗಿನ ಊರಾಗಿರಲಿಲ್ಲ. ಅಲ್ಲಿನ ಸೋಮೇಶ್ವರ ದೇವಸ್ಥಾನ ದಂಡಿಗಿಂತ ಎಷ್ಟೋ ಹಳೆಯದು; ಕೆಂಪೇಗೌಡರ ಹೆಸರಿನಲ್ಲಿ ನಾವು ಗುರುತಿಸುವ ನಾಲ್ಕು ಗೋಪುರಗಳಲ್ಲಿ ಒಂದು ನಿಂತಿರುವುದು ಹಲಸೂರು ಕೆರೆಯ ಬಳಿಯಲ್ಲೇ. ಎಂದರೆ ನನ್ನ ಅತ್ತೆಯ ಊರು ಹಿಂದೆ ನಮ್ಮ ಊರಿನ ಮೂಡಣ ಅಂಚಾಗಿತ್ತು. ಅದನ್ನು ಪರವೂರು ಮಾಡಿದ್ದು ಆಡಳಿತದ ಒಂದು ಗೆರೆ.

ಆ ಗೆರೆ ಕಾಲಕ್ರಮದಲ್ಲಿ ಮಾಸುವ ಬದಲು ಗಟ್ಟಿಯಾಗುತ್ತ ಹೋಯಿತು. ಮದ್ರಾಸಿನ ಕಡೆಯಿಂದ ರೈಲು 1864ರಲ್ಲಿ ಬಂದು ನಿಂತದ್ದು ದಂಡಿನಲ್ಲಿ. ಪೇಟೆಯ ಮಗ್ಗುಲಿಗೆ ಸಿಟಿ ನಿಲ್ದಾಣ ಬರಲು ಹಲವು ವರ್ಷ ಕಾಯಬೇಕಾಯಿತು. ಎರಡು ಊರುಗಳ ನಡುವೆ 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಉದ್ಯಾನ, ಈಗಿನ ಕಬ್ಬನ್ ಪಾರ್ಕ್, ಹಸಿರಿನ ಬೇಲಿಯ ಹಾಗೆ ನಿಂತಿತು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದಾಗಲೂ ದಂಡನ್ನು ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಸಿಕೊಳ್ಳಲಾಯಿತು. 1898ರ ಪ್ಲೇಗು ಎರಡೂ ಕಡೆ ಮನೆಗಳನ್ನು ಖಾಲಿ ಮಾಡಿತು, ಆದರೆ ಅದಕ್ಕೆ ಮದ್ದನ್ನು ಎರಡು ಊರುಗಳೂ ಬೇರೆ ಬೇರೆಯಾಗಿ ಹುಡುಕಿಕೊಂಡವು: ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದರೆ ದಂಡಿನ ಕಡೆ ಫ್ರೇಜರ್ ಟೌನ್ ಎದ್ದಿತು. ದಂಡು ಮೈಸೂರಿಗೆ ಮರಳಿದ್ದು 1947ರಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನ ಮೊದಲು. ಎರಡು ಪುರಸಭೆಗಳು ಸೇರಿ ಒಂದು ನಗರಪಾಲಿಕೆಯಾದದ್ದು 1949ರಲ್ಲಿ.

ಕಾಗದದ ಮೇಲೆ ಊರು ಒಂದಾದ ಮೇಲೆ ಅದನ್ನು ನಿಜವಾಗಿ ಕೂಡಿಸುವ ಕೆಲಸವನ್ನು ಮಾಡಿದವರು ಯಾರು ಎಂದು ಕೇಳಿದರೆ ನಾನು ಬಸ್ಸಿನವರ ಹೆಸರು ಹೇಳುತ್ತೇನೆ. ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ 1940ರಲ್ಲಿ ಶುರುವಾಯಿತು. 1956ರಲ್ಲಿ ಅದು ಸರ್ಕಾರದ ಕೈಗೆ ಬಂದು ಬಿಟಿಎಸ್ ಆಯಿತು. 1997ರಲ್ಲಿ ಬಿಎಂಟಿಸಿ ಆಯಿತು. ಈ ಬಸ್ಸುಗಳೂ ಹಳೆಯ ಒಡಕನ್ನು ಒಮ್ಮೆಲೇ ಅಳಿಸಲಿಲ್ಲ. ಪೇಟೆಗೆ ಮಾರ್ಕೆಟ್ಟು ಮತ್ತು ಮೆಜೆಸ್ಟಿಕ್, ದಂಡಿಗೆ ಶಿವಾಜಿನಗರ ಎಂದು ಬಸ್ ನಿಲ್ದಾಣಗಳೇ ಎರಡು ಊರುಗಳ ಎರಡು ಹೆಬ್ಬಾಗಿಲುಗಳಂತೆ ಇದ್ದವು. ನಮ್ಮಮ್ಮ ಶಿವಾಜಿನಗರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕಾಗುತ್ತಿದ್ದದ್ದು ಅದೇ ಕಾರಣಕ್ಕೆ. ಆದರೆ ಮಾರ್ಕೆಟ್ಟಿನಲ್ಲಿ ಹೂವು ಕೊಂಡು ದಂಡಿನ ಬೀದಿಗಳಲ್ಲಿ ಮಾರುವ ಹೆಂಗಸರು, ಪೇಟೆಯ ಅಂಗಡಿಗಳಲ್ಲಿ ಕೆಲಸ ಮಾಡಿ ಟ್ಯಾನರಿ ರಸ್ತೆಯ ಕಡೆಗೆ ರಾತ್ರಿ ಮರಳುವ ಹುಡುಗರು, ರಸೆಲ್ ಮಾರ್ಕೆಟ್ಟಿಗೆ ತರಕಾರಿ ಸಾಗಿಸುವವರು, ಇವರೆಲ್ಲ ದಿನಾ ಆ ಗೆರೆಯನ್ನು ದಾಟುತ್ತಿದ್ದದ್ದು ಆ ಬಸ್ಸುಗಳಲ್ಲೇ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಮೆಜೆಸ್ಟಿಕ್ ನಿಲ್ದಾಣದಲ್ಲಿ ಒಂದು ಸಂಜೆ ನಿಂತು ಬಸ್ಸಿನ ಬೋರ್ಡುಗಳನ್ನು ಓದಿದವರಿಗೆ ಈ ನಗರದ ಎಲ್ಲ ಮೂಲೆಗಳೂ ಒಂದೇ ಕಡೆ ಬಂದು ಸೇರುವುದು ಕಣ್ಣಿಗೆ ಕಾಣುತ್ತದೆ. ಸಾರ್ವಜನಿಕ ಸಾರಿಗೆಯ ಬಗ್ಗೆ ನನ್ನ ಗೌರವ ಹುಟ್ಟಿದ್ದು ಅಲ್ಲಿ.

ಇನ್ನು ಮೆಟ್ರೊ. ಅದರ ಶಂಕುಸ್ಥಾಪನೆಯಾದದ್ದು 2006ರ ಜೂನ್‌ನಲ್ಲಿ. ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ. ಆ ದಾರಿಯ ನಿಲ್ದಾಣಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಿ: ಇಂದಿರಾನಗರ, ಹಲಸೂರು, ಟ್ರಿನಿಟಿ, ಎಂ.ಜಿ. ರಸ್ತೆ. ಎಲ್ಲವೂ ದಂಡಿನ ಕಡೆಯವೇ. 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ ಹಸಿರು ಮಾರ್ಗ ತೆರೆಯಿತು. 2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ತುಂಡು ಬಂತು. ಪೂರ್ವದಲ್ಲೊಂದು ಮೆಟ್ರೊ, ಪಶ್ಚಿಮದಲ್ಲಿ ಎರಡು ತುಂಡು ಮೆಟ್ರೊ, ನಡುವೆ ಏನೂ ಇಲ್ಲ. ನಾಲ್ಕೂವರೆ ವರ್ಷಗಳ ಕಾಲ ನಮ್ಮ ಅತ್ಯಾಧುನಿಕ ರೈಲು, ತನಗೆ ಗೊತ್ತಿಲ್ಲದೆಯೇ, 1809ರ ಭೂಪಟವನ್ನು ಅನುಸರಿಸಿ ಓಡಿತು. ಬಾಕಿ ಉಳಿದಿದ್ದದ್ದು ಪೇಟೆಗೂ ದಂಡಿಗೂ ನಡುವಿನ ಅದೇ ಹಳೆಯ ಅಂತರ, ವಿಧಾನಸೌಧ ಮತ್ತು ಕಬ್ಬನ್ ಪಾರ್ಕಿನ ಸುತ್ತಲಿನ ನೆಲ.

ಆ ಅಂತರವನ್ನು ನೆಲದಡಿಯಿಂದ ಕೊರೆಯಬೇಕಾಯಿತು. ಹೆಲೆನ್, ಮಾರ್ಗರೀಟಾ ಎಂದು ಹೆಸರಿಟ್ಟ ಎರಡು ಯಂತ್ರಗಳು ಆ ಸುರಂಗಗಳನ್ನು ಕೊರೆದವು. ಬೆಂಗಳೂರಿನ ನೆಲ ಒಂದು ಕಡೆ ಗಟ್ಟಿ ಕಲ್ಲು, ಮಗ್ಗುಲಲ್ಲೇ ಸಡಿಲ ಮಣ್ಣು. ಹೀಗಾಗಿ ಕೊರೆಯುವ ಹಲ್ಲುಗಳು ಸವೆದು ಕೆಲಸ ಮತ್ತೆ ಮತ್ತೆ ನಿಲ್ಲುತ್ತಿತ್ತು. ಉತ್ತರ ದಕ್ಷಿಣದ ಸುರಂಗದಲ್ಲಿ ಗೋದಾವರಿ ಎಂಬ ಯಂತ್ರ ಚಿಕ್ಕಪೇಟೆಯ ಕಡೆ ನೆಲದೊಳಗೆ ಕೆಟ್ಟು ನಿಂತದ್ದು ಆಗಿನ ದಿನಪತ್ರಿಕೆಗಳನ್ನು ಓದುತ್ತಿದ್ದವರಿಗೆಲ್ಲ ನೆನಪಿರಬೇಕು. ಕಡೆಗೂ 2016ರ ಏಪ್ರಿಲ್ ಕೊನೆಯಲ್ಲಿ, ಸುಮಾರು 4.8 ಕಿಲೋಮೀಟರ್ ಉದ್ದದ ಸುರಂಗದ ದಾರಿ ತೆರೆದು ಪೂರ್ವ ಪಶ್ಚಿಮದ ನೇರಳೆ ಮಾರ್ಗದ ಎರಡು ತುಂಡುಗಳು ಸೇರಿಕೊಂಡವು. 2017ರ ಜೂನ್‌ನಲ್ಲಿ ಹಸಿರು ಮಾರ್ಗವೂ ಪೂರ್ತಿಯಾಗಿ, ಮೊದಲ ಹಂತದ 42.3 ಕಿಲೋಮೀಟರ್ ಮುಗಿಯಿತು.

ಆ ವರ್ಷವೇ ಅತ್ತೆಯ ಮೊಮ್ಮಗಳ ನಾಮಕರಣಕ್ಕೆ ಅಮ್ಮನನ್ನು ಕರೆದುಕೊಂಡು ಹಲಸೂರಿಗೆ ಹೋದೆ. ಅತ್ತೆ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಹಿಂದಿನ ಹಾಗೆಯೇ ಮಾರ್ಕೆಟ್ಟಿನವರೆಗೆ ನಡೆದು, ಅಲ್ಲಿ ನೆಲದಡಿಗೆ ಇಳಿದು, ಚಿಕ್ಕಪೇಟೆ ದಾಟಿ ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿದೆವು. ಎಸ್ಕಲೇಟರಿನ ಮೇಲೆ ಕಾಲಿಡಲು ಅಮ್ಮನಿಗೆ ಧೈರ್ಯ ಬರಲಿಲ್ಲ. ಕೈಗಂಬಿ ಹಿಡಿದು ಮೆಟ್ಟಿಲಿನ ಮೇಲೇ ನಿಧಾನವಾಗಿ ಹತ್ತಿದಳು. ಸುರಂಗದ ಕಪ್ಪು ಗೋಡೆ ಕಿಟಕಿಯ ಆಚೆ ಓಡುತ್ತಿರುವಾಗ ಅವಳು ನನ್ನ ಕಡೆ ಬಾಗಿ, "ಪಾರ್ಕು ಬಂತಾ?" ಎಂದು ಕೇಳಿದಳು. ಈಗ ನಾವು ಅದರ ಹತ್ತಿರವೇ, ಕೆಳಗೆ ಹೋಗುತ್ತಿದ್ದೇವೆ ಎಂದೆ. ಮರದ ನೆರಳಿಲ್ಲದೆ ಪಾರ್ಕು ದಾಟಿದ್ದನ್ನು ಅವಳು ಒಪ್ಪಲೇ ಇಲ್ಲ. ಕಬ್ಬನ್ ಪಾರ್ಕ್ ನಿಲ್ದಾಣ ಕಳೆದು ರೈಲು ಮೇಲಕ್ಕೇರಿ ಎಂ.ಜಿ. ರಸ್ತೆಯ ಬಿಸಿಲಿಗೆ ಬಂದಾಗ ಕಣ್ಣು ಕಿರಿದು ಮಾಡಿಕೊಂಡು, "ಇಷ್ಟು ಹತ್ತಿರ ಇತ್ತಾ ಅವಳ ಮನೆ" ಎಂದಳು. ಗಂಡನ ಅಕ್ಕನನ್ನು ವರ್ಷಕ್ಕೆ ಎರಡು ಸಲ ಮಾತ್ರ ನೋಡಿದ ಮೂವತ್ತು ವರ್ಷಗಳು ಆ ಮಾತಿನಲ್ಲಿದ್ದವು. ಸಾರಿಗೆ ಇಲ್ಲದ ಕಾರಣಕ್ಕೆ ಬೆಳೆಯದೆ ಉಳಿದ ಬಳಕೆಯನ್ನು ಯಾವ ಯೋಜನಾ ವರದಿಯೂ ಲೆಕ್ಕ ಹಾಕುವುದಿಲ್ಲ ಎಂಬುದು ನನಗೆ ಆವತ್ತು ಅರ್ಥವಾಯಿತು.

ಇದು ಸಂತೋಷದ ಅರ್ಧ. ನನ್ನ ಮಟ್ಟಿಗೆ ಪೇಟೆ ಮತ್ತು ದಂಡಿನ ಹಳೆಯ ಒಡಕು ಬಹುಪಾಲು ಮುಚ್ಚಿಹೋಗಿದೆ, ಮತ್ತು ಅದಕ್ಕೆ ಆ ಸುರಂಗಕ್ಕೆ ಕೃತಜ್ಞತೆ ಸಲ್ಲಬೇಕು. ಆದರೆ ಅದೇ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಈ ಊರು ಇನ್ನೊಂದು ಕಡೆ ಒಡೆಯಿತು. ಕೆಲಸಗಳು ಪೂರ್ವಕ್ಕೆ ಸರಿದವು: ವೈಟ್‌ಫೀಲ್ಡ್, ಹೊರವರ್ತುಲ ರಸ್ತೆ, ದಕ್ಷಿಣದಲ್ಲಿ ಎಲೆಕ್ಟ್ರಾನಿಕ್ ಸಿಟಿ. ಆ ಕೆಲಸಗಳನ್ನು ನಂಬಿಕೊಂಡು ಬದುಕುವ, ಆದರೆ ಅಲ್ಲಿ ಬಾಡಿಗೆ ಕೊಡಲಾಗದ ಜನ ಊರಿನ ಬೇರೆ ಬೇರೆ ಅಂಚುಗಳಲ್ಲಿ ಉಳಿದರು. ಕಂಪನಿಗಳು ತಮ್ಮ ಇಂಜಿನಿಯರುಗಳಿಗೆ ಸ್ವಂತ ಬಸ್ಸು, ಕ್ಯಾಬುಗಳನ್ನು ಓಡಿಸಿದವು. ಅದೇ ಕಟ್ಟಡಗಳ ನೆಲ ಒರೆಸುವವರು, ಕಾವಲು ಕಾಯುವವರು, ಕ್ಯಾಂಟೀನಿನಲ್ಲಿ ಬಡಿಸುವವರು ತಮ್ಮ ದಾರಿ ತಾವು ನೋಡಿಕೊಂಡರು. ಒಂದೇ ಕಟ್ಟಡಕ್ಕೆ ಎರಡು ಸಾರಿಗೆ ಎಂಬುದು ಪೇಟೆ ಮತ್ತು ದಂಡಿನ ಒಡಕಿಗಿಂತ ಕಡಿಮೆಯದಲ್ಲ.

ನಾನು ಈಗ ಕೆಂಗೇರಿ ಉಪನಗರದಲ್ಲಿದ್ದೇನೆ. ನಮ್ಮ ಬೀದಿಯ ಕೊನೆಯ ವಠಾರದಲ್ಲಿರುವ ಒಬ್ಬ ಹೆಣ್ಣುಮಗಳು ಕುಂದಲಹಳ್ಳಿಯ ಒಂದು ಕಚೇರಿಯಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಾಳೆ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ, 43 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ, ಒಂದೇ ರೈಲಾಗಿ ಓಡಲು ಶುರುವಾದಾಗ ನಾನು ಮೊದಲು ನೆನೆದದ್ದು ಅವಳನ್ನೇ. ಮನೆಯ ಹತ್ತಿರ ಹತ್ತಿ ಕಚೇರಿಯ ಹತ್ತಿರ ಇಳಿಯಬಹುದಾದ ದಾರಿ, ನಡುವೆ ಎಲ್ಲಿಯೂ ಬದಲಿಸಬೇಕಿಲ್ಲ. ಅವಳ ಜೀವನ ಸುಲಭವಾಯಿತು ಎಂದುಕೊಂಡೆ. ಒಂದು ದಿನ ಕೇಳಿದಾಗ ಅವಳು ಹೇಳಿದ್ದು ಇಷ್ಟು: "ಅಕ್ಕಾ, ಮೆಟ್ರೊ ನಮಗೆ ಅರ್ಜೆಂಟಿಗೆ ಮಾತ್ರ."

ಲೆಕ್ಕ ಹಾಕಿದರೆ ಅವಳ ಮಾತು ಎಷ್ಟು ಸರಿ ಎಂದು ತಿಳಿಯುತ್ತದೆ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಆ ದರದಲ್ಲಿ ಅವಳು ಹೋಗಿ ಬರಲು ದಿನಕ್ಕೆ 180 ರೂಪಾಯಿ. ತಿಂಗಳಿಗೆ 26 ದಿನದ ಕೆಲಸಕ್ಕೆ 4,680 ರೂಪಾಯಿ. ಕಾರ್ಡಿನ ರಿಯಾಯಿತಿಯನ್ನು ಕಳೆದರೂ ಅದು ಅವಳ ಸಂಬಳದ ಮೂರನೆಯ ಒಂದು ಪಾಲಿಗೆ ಹತ್ತಿರವಾಗುತ್ತದೆ. ಇತ್ತ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಹಾಗಾಗಿ ಅವಳು ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ ಒಂದು ಬಸ್ಸು, ಮೆಜೆಸ್ಟಿಕ್ಕಿನಿಂದ ಕಾಡುಗೋಡಿಯ ಕಡೆಗೆ 335ಇ ಹಿಡಿದು ಹೋಗುತ್ತಾಳೆ. ಮಗನಿಗೆ ಜ್ವರ ಬಂದು ಶಾಲೆಯಿಂದ ಫೋನ್ ಬಂದ ದಿನ ಮಾತ್ರ ಮೆಟ್ರೊ. ಹಳಿ ಅವಳ ಮನೆಯ ಹತ್ತಿರ ಬಂದಿದೆ, ಆದರೆ ಅವಳ ದಿನಕ್ಕೆ ಎರಡು ಗಂಟೆ ಇನ್ನೂ ಮರಳಿ ಬಂದಿಲ್ಲ.

ಈ ಒಂದು ಮಾತನ್ನು ಹೇಳಲೆಂದೇ ನಾನು ಇಷ್ಟು ದೂರದಿಂದ ಶುರು ಮಾಡಿದೆ. ಊರು ಕೂಡಿದೆಯೇ ಇಲ್ಲವೇ ಎಂಬುದು ಟಿಕೆಟ್ಟಿನ ದರದಲ್ಲಿ ಮತ್ತು ನಿಲ್ದಾಣದಿಂದ ಬಸ್ಸಿಗೆ, ಬಸ್ಸಿನಿಂದ ಮನೆಗೆ ನಡೆಯುವ ಆ ಅರ್ಧ ಕಿಲೋಮೀಟರಿನಲ್ಲಿ ತೀರ್ಮಾನವಾಗುತ್ತದೆ. ನಾವು ಸಾವಿರಾರು ಕೋಟಿ ಸುರಿದು ಅತಿ ಕಷ್ಟದ ಭಾಗವನ್ನು, ಎಂದರೆ ಸುರಂಗವನ್ನೂ ಸೇತುವೆಯನ್ನೂ ಕಟ್ಟಿ ಮುಗಿಸುತ್ತೇವೆ. ಅದಕ್ಕೆ ಹೋಲಿಸಿದರೆ ಪುಡಿಗಾಸಿನಲ್ಲಿ ಆಗುವ ಕಡೆಯ ಭಾಗವನ್ನು ಬೇರೆ ಯಾರೋ ಮಾಡುತ್ತಾರೆಂದು ಬಿಟ್ಟುಬಿಡುತ್ತೇವೆ. ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಿನ ದೊಡ್ಡ ರೈಲ್ವೆ ಟರ್ಮಿನಲ್ 2022ರಲ್ಲಿ ಕೆಲಸ ಶುರು ಮಾಡಿತು. ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ನಿಲ್ದಾಣ 2011ರಿಂದಲೇ ಇದೆ. ಎರಡರ ಹೆಸರಿನಲ್ಲೂ ಒಂದೇ ಊರು, ಆದರೆ ಗಂಟುಮೂಟೆ ಹೊತ್ತು ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವ ಹಾಗಿಲ್ಲ. ರಾತ್ರಿ ರೈಲಿನಲ್ಲಿ ಬಂದಿಳಿದ ಕೂಲಿಯವರು, ಮೆಟ್ರೊ ಅಷ್ಟು ಹತ್ತಿರದಲ್ಲಿದ್ದೂ, ಆಟೋದವರೊಡನೆ ಚೌಕಾಸಿ ಮಾಡುತ್ತ ನಿಂತಿರುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಕೊಲಂಬಿಯಾ ದೇಶದ ಮೆಡೆಲಿನ್ ನಗರದ ಉದಾಹರಣೆಯನ್ನು ಈ ವಿಷಯ ಬಂದಾಗೆಲ್ಲ ಎತ್ತುತ್ತಾರೆ. ಅಲ್ಲಿ ಮೆಟ್ರೊ ಓಡುವುದು ಕಣಿವೆಯ ತಳದಲ್ಲಿ. ಬಡವರ ಮನೆಗಳಿರುವುದು ಬೆಟ್ಟದ ಇಳಿಜಾರಿನಲ್ಲಿ, ಬಸ್ಸು ಹತ್ತಲು ತಿಣುಕಾಡುವ ಕಡಿದಾದ ಬೀದಿಗಳಲ್ಲಿ. 2004ರಲ್ಲಿ ಆ ನಗರ ಸಾಂತೊ ದೊಮಿಂಗೊ ಎಂಬ ಬೆಟ್ಟದ ಕೇರಿಗೆ ತಂತಿಯ ಮೇಲೆ ತೂಗಿ ಹೋಗುವ ತೊಟ್ಟಿಲುಗಳ ಸಾರಿಗೆಯನ್ನು ಹಾಕಿತು. ಚಿತ್ರಗಳಲ್ಲಿ ಎಲ್ಲರ ಕಣ್ಣು ಆ ತೊಟ್ಟಿಲುಗಳ ಮೇಲೆ ಬೀಳುತ್ತದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಬೆಟ್ಟದಿಂದ ತೊಟ್ಟಿಲಿನಲ್ಲಿ ಇಳಿದವರು ಅದೇ ಟಿಕೆಟ್ಟಿನಲ್ಲಿ, ಮತ್ತೆ ಕಾಸು ಕೊಡದೆ, ಮೆಟ್ರೊ ಹತ್ತಬಹುದಾಗಿತ್ತು. ಜೊತೆಗೆ ನಿಲ್ದಾಣದ ಸುತ್ತ ಕಾಲುದಾರಿ, ಮೆಟ್ಟಿಲು, ಗ್ರಂಥಾಲಯ, ಶಾಲೆಗಳಿಗೂ ಅದೇ ಕಾಲದಲ್ಲಿ ಹಣ ಹಾಕಿದರು. ಬೆಟ್ಟವಿಲ್ಲದ ಬೆಂಗಳೂರಿಗೆ ತೊಟ್ಟಿಲು ಬೇಕಿಲ್ಲ. ಆ ಒಂದು ಟಿಕೆಟ್ಟು ಬೇಕು.

ನಮ್ಮಲ್ಲಿ ಒಳ್ಳೆಯ ಪ್ರಯತ್ನಗಳು ನಡೆದೇ ಇಲ್ಲ ಎಂದರೆ ತಪ್ಪಾಗುತ್ತದೆ. 2019ರ ಅಕ್ಟೋಬರಿನಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬಸ್ಸುಗಳಿಗೆಂದೇ ಒಂದು ಪಥವನ್ನು ಬೇರ್ಪಡಿಸಿದರು. ಆ ದಿನಗಳಲ್ಲಿ ನಾನು ಒಮ್ಮೆ 500 ಸರಣಿಯ ಬಸ್ಸಿನಲ್ಲಿ ಕುಳಿತು ಹೋಗಿದ್ದೆ. ಎಡಗಡೆ ಕಂಬಗಳ ಸಾಲಿನ ಒಳಗೆ ನಮ್ಮ ಬಸ್ಸು ಸರಾಗವಾಗಿ ಹೋಗುತ್ತಿತ್ತು. ಬಲಗಡೆ ಕಾರುಗಳು ನಿಂತಲ್ಲೇ ನಿಂತಿದ್ದವು. ಬಸ್ಸಿನಲ್ಲಿ ನಿಂತಿದ್ದ ಒಬ್ಬ ಸೆಕ್ಯುರಿಟಿ ಸಮವಸ್ತ್ರದ ಹಿರಿಯರು ಕಿಟಕಿಯ ಹೊರಗೆ ನೋಡಿ ಪಕ್ಕದವರಿಗೆ, "ನೋಡಿ ಸ್ವಾಮಿ, ಇವತ್ತು ನಾವೇ ಮುಂದೆ" ಎಂದರು. ಒಂದು ರಸ್ತೆಯ ಒಂದು ಪಥವನ್ನು ಬಹಳ ಜನ ಕುಳಿತ ವಾಹನಕ್ಕೆ ಬಿಟ್ಟುಕೊಟ್ಟರೆ ಆಗುವುದು ಇದು. ಬಳಿಕ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಬಂದು ಆ ಪಥ ಮಾಯವಾಯಿತು. ರೈಲು ಬರಲಿ ಎಂದು ಬಸ್ಸನ್ನು ಹಿಂದಕ್ಕೆ ತಳ್ಳಿದ್ದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ದಿನಕ್ಕೆ ಮೆಟ್ರೊದಲ್ಲಿ ಓಡಾಡುವವರ ಸಂಖ್ಯೆ ಈಗ 10 ಲಕ್ಷದ ಆಸುಪಾಸಿನಲ್ಲಿದೆ. ಬಸ್ಸಿನಲ್ಲಿ ಓಡಾಡುವವರು ಅದರ ಹಲವು ಪಟ್ಟು. ಊರನ್ನು ಹೊತ್ತಿರುವುದು ಇಂದಿಗೂ ಬಸ್ಸೇ.

ಯೋಜನೆಯ ಮಾತಿಗೆ ಬಂದರೆ ಇನ್ನೂ ಬೇಸರವಾಗುತ್ತದೆ. ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ಕಚೇರಿ ಎಂದು ಹೇಳುವ ನಗರದ ಮಹಾಯೋಜನೆ 2007ರಲ್ಲಿ ಜಾರಿಗೆ ಬಂದದ್ದು; ಅದು ಮುನ್ನೋಟ ಹಾಕಿದ್ದು 2015ರವರೆಗೆ. 2031ರ ಮಹಾಯೋಜನೆಯ ಕರಡು 2017ರಲ್ಲಿ ಹೊರಬಂದು, ಆಮೇಲೆ ಹಿಂದಕ್ಕೆ ಹೋಯಿತು. ರೈಲಿನ ಹಳಿಯನ್ನು ಒಬ್ಬರು ಎಳೆಯುತ್ತಾರೆ, ಬಡಾವಣೆಯನ್ನು ಇನ್ನೊಬ್ಬರು ಬಿಡಿಸುತ್ತಾರೆ, ಬಸ್ಸನ್ನು ಮತ್ತೊಬ್ಬರು ಓಡಿಸುತ್ತಾರೆ, ಪಾದಚಾರಿ ಮಾರ್ಗ ಯಾರದೆಂದು ಯಾರಿಗೂ ಖಚಿತವಿಲ್ಲ. ನಿಲ್ದಾಣ ಬಂದ ಕೂಡಲೇ ಸುತ್ತಲಿನ ಬಾಡಿಗೆ ಏರುತ್ತದೆ. ಮೆಟ್ರೊ ಯಾರಿಗೆ ಹೆಚ್ಚು ಬೇಕಿತ್ತೋ ಅವರೇ ಮೊದಲು ಆ ಬೀದಿ ಬಿಡುತ್ತಾರೆ. ನಿಲ್ದಾಣದ ಪಕ್ಕದಲ್ಲಿ ಸರ್ಕಾರದ್ದೇ ಜಮೀನಿರುವ ಕಡೆಯಲ್ಲಾದರೂ ಮಾಲ್‌ಗಳಿಗೆ ಮೊದಲು ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಬೇಕು ಎಂದು ನಾನು ಕೇಳುತ್ತೇನೆ. ಕುಂದಲಹಳ್ಳಿಯ ಕಚೇರಿಯ ನೆಲ ಒರೆಸುವವಳಿಗೆ ಅದೇ ಮಾರ್ಗದ ಐದಾರು ನಿಲ್ದಾಣದ ದೂರದಲ್ಲಿ ಒಂದು ಮನೆ ಸಿಕ್ಕಿದ್ದರೆ ಈ 4,680ರ ಲೆಕ್ಕವೇ ಹುಟ್ಟುತ್ತಿರಲಿಲ್ಲ.

ಎಲ್ಲ ಸಾರಿಗೆಯನ್ನು ಒಂದೇ ಸೂರಿನಡಿ ನೋಡಿಕೊಳ್ಳಲು ಭೂಸಾರಿಗೆ ಪ್ರಾಧಿಕಾರವೊಂದನ್ನು ರಚಿಸುವ ಕಾನೂನು 2022ರಲ್ಲಿ ಬಂದಿದೆ. ಅದೇ ವರ್ಷ ಜೂನ್‌ನಲ್ಲಿ ಉಪನಗರ ರೈಲಿಗೂ ಶಂಕುಸ್ಥಾಪನೆಯಾಯಿತು: ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಒಳ್ಳೆಯ ಹೂವಿನ ಹೆಸರುಗಳು. ಇವುಗಳಲ್ಲಿ ಪಾರಿಜಾತ ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಹೋಗಬೇಕಾದದ್ದು, ಎಂದರೆ ನಮ್ಮ ಬೀದಿಯ ಹೆಣ್ಣುಮಗಳ ದಾರಿಯೇ. ಉಪನಗರ ರೈಲಿನ ದರ ಮೆಟ್ರೊಗಿಂತ ಕಡಿಮೆಯಿರಲಿ ಎಂದು ಈಗಿಂದಲೇ ಒತ್ತಾಯಿಸಬೇಕಾದವರು ನಾವು.

ಆಡಳಿತದ ಗೆರೆಗಳೂ ಮತ್ತೆ ಬದಲಾಗಿವೆ. 1949ರಲ್ಲಿ ಎರಡನ್ನು ಒಂದು ಮಾಡಿದ ಊರು 2025ರ ಸೆಪ್ಟೆಂಬರಿನಲ್ಲಿ ಐದು ನಗರಪಾಲಿಕೆಗಳಾಯಿತು; ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಚಿಕ್ಕಪೇಟೆ, ಚಾಮರಾಜಪೇಟೆ, ಶಿವಾಜಿನಗರಗಳು ಈಗ ಒಂದೇ ಕೇಂದ್ರ ಪಾಲಿಕೆಯಲ್ಲಿವೆ. ಹಳೆಯ ಪೇಟೆಯೂ ಹಳೆಯ ದಂಡೂ ಕೊನೆಗೂ ಒಂದೇ ಮನೆಯವರಾದದ್ದನ್ನು ಕಂಡು ನನಗೆ ಸಂತೋಷವಾಯಿತು. ಆದರೆ ಮಹದೇವಪುರ, ಕೆ.ಆರ್. ಪುರದ ಕಡೆಯ ಕಚೇರಿಗಳ ತೆರಿಗೆ ಪೂರ್ವ ಪಾಲಿಕೆಗೆ ಸೇರುತ್ತದೆ; ಅಲ್ಲಿ ದುಡಿದು ಸಂಜೆ ಬೇರೆ ಪಾಲಿಕೆಗಳಿಗೆ ಮರಳುವವರ ಬೀದಿಗಳಿಗೆ ಆ ಹಣ ಹೇಗೆ ತಲುಪುತ್ತದೆ ಎಂಬುದನ್ನು ಮೇಲಿನ ಪ್ರಾಧಿಕಾರ ಗಟ್ಟಿಯಾಗಿ ಹಿಡಿದು ನೋಡಬೇಕಾಗುತ್ತದೆ. ಇಲ್ಲವಾದರೆ 1862ರ ಎರಡು ಪುರಸಭೆಗಳ ಕಥೆಯೇ ಹೊಸ ಹೆಸರುಗಳಲ್ಲಿ ನಡೆದೀತು.

ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಗುಲಾಬಿ ಮಾರ್ಗ ನೆಲದಡಿಯಲ್ಲಿ ಶಿವಾಜಿನಗರ, ದಂಡು ರೈಲ್ವೆ ನಿಲ್ದಾಣದ ಕಡೆ, ಪಾಟರಿ ಟೌನ್, ಟ್ಯಾನರಿ ರಸ್ತೆಗಳನ್ನು ಹಾದುಹೋಗುತ್ತದೆ. ದಂಡಿನಲ್ಲೂ ಅಂಗ್ರೇಜಿ ಬಂಗಲೆಗಳ ದಂಡು ಬೇರೆ, ಈ ಕೇರಿಗಳವರ ದಂಡು ಬೇರೆಯಾಗಿತ್ತು. 2011ರ ಮೊದಲ ಮೆಟ್ರೊ ಹೋದದ್ದು ಬಂಗಲೆಗಳ ದಂಡಿಗೆ. ಟ್ಯಾನರಿ ರಸ್ತೆಯ ಇಕ್ಕಟ್ಟಿನ ಗಲ್ಲಿಗಳಿಗೆ ರೈಲು ಬರುವುದು ನನ್ನ ಮಟ್ಟಿಗೆ ಈ ಇಡೀ ಯೋಜನೆಯ ಅತ್ಯಂತ ನ್ಯಾಯವಾದ ಕೆಲಸ. ಶಿವಾಜಿನಗರದಲ್ಲಿ ಮೆಟ್ರೊದಿಂದ ಹತ್ತಿ ಬಂದವರು ರಸ್ತೆ ದಾಟುವ ಗೋಜಿಲ್ಲದೆ ಬಸ್ ನಿಲ್ದಾಣದೊಳಗೇ ಕಾಲಿಡುವಂತಾಗಲಿ, ಮಾರ್ಕೆಟ್ಟಿನಿಂದ ಹೂವಿನ ಬುಟ್ಟಿ ತರುವ ಹೆಂಗಸರನ್ನು ಗೇಟಿನಲ್ಲಿ ತಡೆಯದಿರಲಿ ಎಂಬುದಷ್ಟೇ ನನ್ನ ಕೋರಿಕೆ. ಬುಟ್ಟಿಗೆ ಜಾಗವಿಲ್ಲದ ರೈಲು ಪೇಟೆಯ ರೈಲು ಆಗುವುದು ಕಷ್ಟ.

ನಮ್ಮ ಬೀದಿಯಲ್ಲಿ ಬೆಳಗಿನ ಜಾವ ಐದು ಕಾಲಿಗೆ ವಠಾರದ ಗೇಟಿನ ಚಿಲಕ ಸದ್ದಾಗುತ್ತದೆ. ಆ ಹೆಣ್ಣುಮಗಳು ಟಿಫಿನ್ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕೆಂಗೇರಿ ಬಸ್ ನಿಲ್ದಾಣದ ಕಡೆ ನಡೆಯುತ್ತಾಳೆ. ನಾನು ಹಾಲು ತರಲು ಹೋಗುವಾಗ ಕೆಲವೊಮ್ಮೆ ಜೊತೆಯಾಗುತ್ತೇನೆ. ನಾವು ಮೈಸೂರು ರಸ್ತೆ ತಲುಪುವ ಹೊತ್ತಿಗೆ ತಲೆಯ ಮೇಲೆ ಸೇತುವೆಯಲ್ಲಿ ಬೆಳಗಿನ ರೈಲು ಪೂರ್ವಕ್ಕೆ ಹೊರಟಿರುತ್ತದೆ, ದೀಪ ಹತ್ತಿದ ಬೋಗಿಗಳಲ್ಲಿ ಸೀಟುಗಳು ಬಹುಪಾಲು ಖಾಲಿ. ಅವಳು ಒಂದು ಸಲ ತಲೆಯೆತ್ತಿ ನೋಡಿ, ಕೆಳಗೆ ಮೆಜೆಸ್ಟಿಕ್ಕಿನ ಬಸ್ಸು ಹತ್ತಲು ಹೆಜ್ಜೆ ಬೇಗ ಹಾಕುತ್ತಾಳೆ.